ಪೊರಕೆಗೆ ಬೆಲೆ ಉಂಟು, ಕಟ್ಟಿದ ಕೈಗಿಲ್ಲ!
ಹಾಲ್ಕುರಿಕೆ ಸೀಮೆಯ ಕೈಕಸುಬು ಜಾತ್ರೆ ಬಯಲಿಗೆ ಬಂದಾಗ

ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಎಷ್ಟಕ್ಕೆ ಹೋಯಿತು ಎಂಬುದು ಹರಾಜಿನ ದಿನ ಸಂಜೆಯೊಳಗೆ ಹಾಲ್ಕುರಿಕೆಯ ಜಗಲಿ ಜಗಲಿಗೂ ಗೊತ್ತಾಗುತ್ತದೆ. ನೂರು ರೂಪಾಯಿ ಇಳಿದರೆ ಊರು ಮಂಕಾಗುತ್ತದೆ, ನೂರು ಏರಿದರೆ ಹೋಟೆಲಿನಲ್ಲಿ ಕಾಫಿ ಜಾಸ್ತಿ ಖರ್ಚಾಗುತ್ತದೆ. ಆದರೆ ಅದೇ ತೆಂಗಿನ ಗರಿಯಿಂದ ಕಟ್ಟಿದ ಪೊರಕೆ, ಅದೇ ಮಟ್ಟೆಯ ನಾರಿನಿಂದ ಹೊಸೆದ ಹಗ್ಗ, ಅದೇ ಕಾಯಿಯ ಚಿಪ್ಪಿನಿಂದ ಮಾಡಿದ ಸೌಟು ಎಷ್ಟಕ್ಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಹರಾಜಿಲ್ಲ, ದಲ್ಲಾಳಿಯಿಲ್ಲ, ಬೋರ್ಡಿನ ಮೇಲೆ ಬರೆಯುವ ದರವೂ ಇಲ್ಲ. ಜಾತ್ರೆ ಬಯಲಲ್ಲಿ ಗೋಣಿತಾಟು ಹಾಸಿ ಕೂತವರಿಗೂ ಎದುರು ನಿಂತವರಿಗೂ ನಡುವೆ ನಡೆಯುವ ಎರಡು ನಿಮಿಷದ ಜಗ್ಗಾಟವೇ ಅದರ ದರ.

ಕೊಬ್ಬರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಇದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ನಿಗದಿಯಾಗಿತ್ತು. 2023ರಲ್ಲಿ ಮಾರುಕಟ್ಟೆ ದರ ಆ ವರ್ಷದ ಬೆಂಬಲ ಬೆಲೆ 11,750ಕ್ಕಿಂತ ಕೆಳಗೆ ಕುಸಿದಾಗ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರು ಬೀದಿಗಿಳಿದರು. ಖರೀದಿ ಕೇಂದ್ರಕ್ಕಾಗಿ ಕೂಗಾಡಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಏರಲಿ ಇಳಿಯಲಿ, ಕೊಬ್ಬರಿಯ ಪರವಾಗಿ ಮಾತಾಡುವವರು ಇದ್ದಾರೆ. ಪೊರಕೆಯ ಪರವಾಗಿ ಮಾತಾಡುವವರು ಯಾರು?

ಬಯಲಿಗೆ ಬರುವ ಸರಕು

ಈ ಸೀಮೆಯ ಯಾವುದೇ ಜಾತ್ರೆಗೆ ಹೋಗಿ ನೋಡಿ. ತೇರಿನ ಬೀದಿಯ ಮೊದಲ ಸಾಲು ಕಡ್ಲೆಪುರಿ, ಬೆಂಡು ಬತ್ತಾಸಿನವರದು. ಆಮೇಲೆ ಬಳೆ, ಪ್ಲಾಸ್ಟಿಕ್ಕು, ಸ್ಟೀಲಿನ ಪಾತ್ರೆ. ಅಲ್ಲಿಂದಾಚೆ, ದೀಪ ಮಂಕಾಗಿ ಧೂಳು ಜಾಸ್ತಿಯಾಗುವ ಕಡೆ, ಕೈಕಸುಬಿನವರು ಕೂತಿರುತ್ತಾರೆ. ಮೇದರ ಮೊರ, ಕುಕ್ಕೆ, ಮಂಕರಿ, ತೊಟ್ಟಿಲು. ಕುಂಬಾರರ ಹಣತೆ, ಕುಡಿಕೆ, ಮಡಕೆ. ಕುರುಬರ ಕರಿ ಕಂಬಳಿ. ಕಮ್ಮಾರರ ಕುಡುಗೋಲು, ಮಚ್ಚು. ತೆಂಗಿನ ಕಡ್ಡಿ ಪೊರಕೆ, ನಾರಿನ ಹಗ್ಗ, ಕಾಲೊರಸು, ಸಿಂಬೆ. ಇತ್ತೀಚೆಗೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ತಂದಿಡುವ ಚಿಪ್ಪಿನ ಬಟ್ಟಲು, ಚಿಪ್ಪಿನ ಓಲೆ, ನಾರಿನ ಬೊಂಬೆ.

ಇವರಲ್ಲಿ ಎಷ್ಟೋ ಮಂದಿಗೆ ವರ್ಷದ ವ್ಯಾಪಾರವೆಂದರೆ ಶಿವರಾತ್ರಿಯಿಂದ ಯುಗಾದಿ ಕಳೆದು ಬೇಸಿಗೆ ಮುಗಿಯುವ ತನಕದ ಜಾತ್ರೆ ಸುಗ್ಗಿ. ಶಿವರಾತ್ರಿ ಸಮಯಕ್ಕೆ ತುಮಕೂರಿನ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ, ಜೊತೆಗೆ ವಸ್ತು ಪ್ರದರ್ಶನ. ಆಮೇಲೆ ಎಡೆಯೂರು, ಗುಬ್ಬಿ, ಊರೂರ ಗ್ರಾಮದೇವತೆಗಳ ಸರದಿ. ಮಳೆ ಹಿಡಿದರೆ ಬಯಲು ವ್ಯಾಪಾರಕ್ಕೆ ಕಲ್ಲು ಬಿತ್ತು ಅಂತಲೇ ಲೆಕ್ಕ. 2020ರಲ್ಲಿ ಕೊರೊನಾ ದಿಗ್ಬಂಧನ ಶುರುವಾದದ್ದು ಮಾರ್ಚ್ 25ರಂದು. ಅವತ್ತೇ ಯುಗಾದಿ. ಸುಗ್ಗಿಯ ನಡುಮಧ್ಯದಲ್ಲಿ ತೇರುಗಳು ನಿಂತವು. ಚಳಿಗಾಲವೆಲ್ಲ ಕೂತು ಹೆಣೆದ ಸರಕು ಮನೆಯ ಅಟ್ಟದಲ್ಲೇ ಉಳಿಯಿತು. ಅಂಗಡಿಯವರಿಗೆ ಅರ್ಧ ದಿನವಾದರೂ ಬಾಗಿಲು ತೆಗೆಯಲು ಅವಕಾಶ ಸಿಕ್ಕಿತು. ಬಯಲೇ ಅಂಗಡಿಯಾದವರಿಗೆ ತೆಗೆಯಲು ಬಾಗಿಲೇ ಇರಲಿಲ್ಲ.

ಲೆಕ್ಕ ಹಾಕಿದವರುಂಟೆ?

"ಏನಮ್ಮ, ಪೊರಕೆ ಎಷ್ಟು?"

"ಎಂಬತ್ತು ಕಣಕ್ಕ."

"ಎಂಬತ್ತಾ! ಗರಿ ನಿಮ್ಮ ತೋಟದ್ದೇ ಅಲ್ವ? ಬಿಟ್ಟಿ ಬಿದ್ದಿರದು. ನಲವತ್ತು ಮಾಡ್ಕೊ."

ಈ ಮಾತು ಕೇಳದ ಜಾತ್ರೆಯಿಲ್ಲ. ಗರಿ ಬಿಟ್ಟಿ ಎಂಬುದು ನಿಜವೇ ಇರಬಹುದು. ಆದರೆ ಗರಿ ತನ್ನಷ್ಟಕ್ಕೆ ತಾನೇ ಪೊರಕೆಯಾಗುತ್ತದೆಯೆ? ಬಿದ್ದ ಗರಿ ಎಳೆದು ತರಬೇಕು. ಒಂದೊಂದೇ ಎಲೆಯನ್ನು ಕುಡುಗೋಲಿಗೋ ಚಾಕುವಿಗೋ ಕೊಟ್ಟು ಸೀಳಿ ಕಡ್ಡಿ ಬಿಡಿಸಬೇಕು. ಒಂದು ಪೊರಕೆಗೆ ನೂರಾರು ಕಡ್ಡಿ. ಬಿಸಿಲಿಗೆ ಒಣಹಾಕಿ, ಬುಡ ತಟ್ಟಿ ಸಮ ಮಾಡಿ, ಬಿಗಿದು ಕಟ್ಟಬೇಕು. ಸಡಿಲ ಕಟ್ಟಿದರೆ ಎಂಟು ದಿನಕ್ಕೆ ಉದುರುತ್ತದೆ. ಕೊಂಡವರು ಮುಂದಿನ ವರ್ಷ ಅದೇ ಜಾಗಕ್ಕೆ ಬಂದು ಬೈಯುತ್ತಾರೆ.

ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳೋಣ. ಮನೆಗೆಲಸದ ನಡುವೆ ಒಬ್ಬಾಕೆ ದಿನಕ್ಕೆ ಆರು ಪೊರಕೆ ಮುಗಿಸುತ್ತಾಳೆ. 30 ಪೊರಕೆಗೆ ಐದು ದಿನ. ಜಾತ್ರೆಯಲ್ಲಿ ಕೂರಲು ಒಂದು ದಿನ. ಒಟ್ಟು ಆರು ದಿನ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ನಿಗದಿಯಾಗಿದ್ದ ದಿನಗೂಲಿ 370 ರೂಪಾಯಿ. ಅದೇ ದರ ಹಿಡಿದರೆ ಆರು ದಿನಕ್ಕೆ 2,220. ನೆಲದ ಸುಂಕ, ಲಗೇಜು, ಕಾಫಿ ತಿಂಡಿ ಸೇರಿ 150 ಎನ್ನೋಣ. ಒಟ್ಟು 2,370. ಮೂವತ್ತರಿಂದ ಭಾಗಿಸಿದರೆ ಪೊರಕೆ ಒಂದಕ್ಕೆ 79 ರೂಪಾಯಿ!

ಅಂದರೆ ಆಕೆ ಹೇಳಿದ 80ರಲ್ಲಿ ಲಾಭ ಒಂದು ರೂಪಾಯಿ. ಗರಿಗೆ ಕಾಸು ಹಿಡಿದಿಲ್ಲ, ಮಾರದೆ ಉಳಿದದ್ದು ಹಿಡಿದಿಲ್ಲ. ಚೌಕಾಸಿ ಮಾಡಿ 50ಕ್ಕೆ ಒಯ್ದರೆ ಕೈಗೆ ಬರುವುದು 1,500. ಖರ್ಚು ಕಳೆದು 1,350. ಆರು ದಿನಕ್ಕೆ ಹಂಚಿದರೆ ದಿನಕ್ಕೆ 225. ಮಣ್ಣು ಹೊರಲು ಹೋಗಿದ್ದರೆ ಬರುತ್ತಿದ್ದ ಕೂಲಿಗಿಂತ ದಿನಕ್ಕೆ 145 ರೂಪಾಯಿ ಖೋತಾ. ಕಸುಬು ಗೊತ್ತಿದ್ದದ್ದಕ್ಕೆ ಬಿದ್ದ ದಂಡ ಇದು.

ಮಾರುವವರಿಗೂ ಈ ಲೆಕ್ಕ ಗೊತ್ತಿಲ್ಲದಿರುವುದೇ ದೊಡ್ಡ ತೊಡಕು. ಬಿದಿರಿಗೆ ಎಷ್ಟು ಕೊಟ್ಟೆ, ಬಣ್ಣಕ್ಕೆ ಎಷ್ಟು ಕೊಟ್ಟೆ ಎಂಬುದು ನೆನಪಿರುತ್ತದೆ. ತನ್ನ ಕೈಗೆ ಎಷ್ಟು ಎಂಬ ಕಾಲಂ ಅವರ ಲೆಕ್ಕದಲ್ಲಿ ಇಲ್ಲ. "ಮನೇಲಿ ಕೂತಿದ್ರೆ ಇಷ್ಟೂ ಬರ್ತಿರ್ಲಿಲ್ಲ" ಎಂಬ ಸಮಾಧಾನದಲ್ಲಿ ಸಂಜೆ ಹೊತ್ತಿಗೆ ಉಳಿದದ್ದನ್ನೆಲ್ಲ ಬಂದ ಬೆಲೆಗೆ ಕೊಟ್ಟು ಕೊನೆ ಬಸ್ಸು ಹಿಡಿಯುತ್ತಾರೆ. ಕೊನೆ ಬಸ್ಸಿನ ಹೊತ್ತಿಗೇ ಬಂದು ಬೆಲೆ ಮುರಿಯುವ ಚಾಲಾಕಿಗಳೂ ಇದ್ದಾರೆ.

ಚಿಪ್ಪಿನ ರಾಶಿ, ಚಿಪ್ಪಿನ ಬರ

ತೆಂಗಿನ ಸೀಮೆಯಲ್ಲಿ ಚಿಪ್ಪಿಗೇನು ಬರ ಎನ್ನಬೇಡಿ. ಇಲ್ಲಿನ ಕಸುಬು ಉಂಡೆ ಕೊಬ್ಬರಿಯದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು, ಅಲುಗಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಏಟು ಬೀಳದಂತೆ ಚಿಪ್ಪನ್ನು ಚೂರು ಚೂರಾಗಿ ಒಡೆದು ಬಿಡಿಸುತ್ತಾರೆ. ಉಂಡೆ ಇಡಿಯಾಗಿ ಉಳಿದರೆ ದರ, ಒಡೆದರೆ ದರ ಬಿತ್ತು. ಹೀಗಾಗಿ ಉಂಡೆ ಇಡಿಯಾಗಿ ಬರುವ ಕಡೆ ಚಿಪ್ಪು ಚೂರಾಗಿ ಬರುತ್ತದೆ. ಆ ಚೂರು ಇದ್ದಿಲಿಗೆ, ಒಲೆಗೆ ಸರಿ. ಬಟ್ಟಲು ಮಾಡಲು, ಸೌಟು ಮಾಡಲು ಆಗದು.

ಕೈಕಸುಬಿಗೆ ಬೇಕಾದದ್ದು ಸಮನಾಗಿ ಹೋಳಾದ, ಬಿರುಕಿಲ್ಲದ ಚಿಪ್ಪು. ಅದು ಸಿಗುವುದು ಅಡಿಗೆಗೆ ಕಾಯಿ ಒಡೆಯುವ ಮನೆಗಳಲ್ಲಿ, ಹೋಟೆಲುಗಳಲ್ಲಿ, ಮದುವೆ ಛತ್ರಗಳಲ್ಲಿ, ಹಣ್ಣುಕಾಯಿ ಮಾಡಿಸುವ ದೇವಸ್ಥಾನಗಳಲ್ಲಿ. ಅಲ್ಲಿಂದ ಆಯ್ದು ತಂದು, ಹೊರಗಿನ ನಾರು ಕೆರೆದು, ಮರಳು ಕಾಗದದಲ್ಲಿ ಉಜ್ಜಿ, ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು, ಎಣ್ಣೆ ಸವರಿ ಹೊಳಪು ತರಬೇಕು. ಉಜ್ಜುವಾಗ ಏಳುವ ಧೂಳು ಮೂಗಿಗೆ ಬಾಯಿಗೆ. ಇಷ್ಟಾದ ಮೇಲೂ ಜಾತ್ರೆಗೆ ಬಂದವರು ಕೇಳುವುದು ಒಂದೇ ಮಾತು: "ಚಿಪ್ಪಿಗೂ ದುಡ್ಡು ಕೊಡಬೇಕಾ? ನಮ್ಮನೆ ಹಿತ್ತಲಲ್ಲಿ ರಾಶಿ ಬಿದ್ದೈತೆ!" ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ಸರಕಿಗೆ ಹೇಳಿ ಮಾಡಿಸಿದಂತಿದೆ.

ಇದೇ ಬಟ್ಟಲು ಬೆಂಗಳೂರಿಗೆ ಹೋದರೆ ಜನ ತಿರುಗಿಸಿ ಮುರುಗಿಸಿ ನೋಡಿ, ಕೇಳಿದಷ್ಟು ಕೊಟ್ಟು ಒಯ್ಯುತ್ತಾರೆ. ಹಿತ್ತಲಲ್ಲಿ ಚಿಪ್ಪಿನ ರಾಶಿ ಇಲ್ಲದವರ ಕಣ್ಣಿಗೆ ಮಾತ್ರ ಅದರ ಕೆಲಸ ಕಾಣುತ್ತದೆಯೋ ಏನೋ!

ಬೆಂಗಳೂರಿನ ಬೀದಿ ಕಲಿಸುವ ಪಾಠ

ಬೀದಿಯಲ್ಲಿ ಕೂತು ಮಾರಿದರೆ ಮರ್ಯಾದೆ ಕಡಿಮೆ ಎನ್ನುವವರು ಬೆಂಗಳೂರಿನ ಚಿತ್ರಸಂತೆಯನ್ನು ಒಮ್ಮೆ ನೋಡಬೇಕು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಇದನ್ನು ಶುರು ಮಾಡಿತು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಅವತ್ತು ಆ ರಸ್ತೆಯಲ್ಲಿ ವಾಹನ ಬಂದ್. ಬರೆದ ಕಲಾವಿದರೇ ತಮ್ಮ ಚಿತ್ರಗಳ ಪಕ್ಕದಲ್ಲಿ ಕೂರುತ್ತಾರೆ. ನೂರಿನ್ನೂರು ರೂಪಾಯಿ ಚಿತ್ರದಿಂದ ಲಕ್ಷದ ಚಿತ್ರದವರೆಗೆ ಒಂದೇ ಫುಟ್‌ಪಾತಿನ ಮೇಲೆ. 2021ರಲ್ಲಿ ಕೊರೊನಾ ಕಾರಣ ಬೀದಿಗೆ ಬರಲಾಗದೆ ಆನ್‌ಲೈನಿನಲ್ಲಿ ನಡೆಯಿತು, ಆದರೂ ನಿಲ್ಲಲಿಲ್ಲ.

ಅಲ್ಲಿ ನಡೆಯುವ ಕೆಲಸಕ್ಕೆ ಮಹಾ ಮಂತ್ರವೇನೂ ಬೇಕಿಲ್ಲ. ದಿನ ಗೊತ್ತಿದೆ, ಜಾಗ ಗೊತ್ತಿದೆ, ಯಾರಿಗೆ ಎಲ್ಲಿ ಜಾಗ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಮಾಡಿದವರೇ ಎದುರಿಗಿರುವುದರಿಂದ ಕೊಳ್ಳುವವರು "ಇದನ್ನು ಹೇಗೆ ಮಾಡಿದಿರಿ" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಚೌಕಾಸಿಯ ನಾಲಿಗೆ ಸ್ವಲ್ಪ ಮೆತ್ತಗಾಗುತ್ತದೆ. ಜಾತ್ರೆಯಲ್ಲೂ ಮಾಡಿದವರೇ ಕೂತಿರುತ್ತಾರೆ. ಆದರೆ ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಕೈಕಸುಬಿನವರನ್ನು ದೇಶದ ಲೆಕ್ಕಕ್ಕೆ ತಂದವರಲ್ಲಿ ಮೊದಲ ಹೆಸರು ನಮ್ಮ ರಾಜ್ಯದ ಹೆಣ್ಣುಮಗಳದೇ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ, 1952ರಲ್ಲಿ ರಚನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಸುತ್ತಿ ಕಸುಬುದಾರರನ್ನು ಹುಡುಕಿ ಮಾತಾಡಿಸಿದರು. ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ 1964ರಲ್ಲಿ ಬಂತು. ಅದರ ಕಾವೇರಿ ಮಳಿಗೆಯಲ್ಲಿ ಗಂಧದ ಕೆತ್ತನೆ, ಬಿದರಿ, ಚನ್ನಪಟ್ಟಣದ ಬೊಂಬೆ ಸಿಗುತ್ತವೆ. ದೆಹಲಿಯಲ್ಲಿ 1994ರಲ್ಲಿ ಶುರುವಾದ ದಿಲ್ಲಿ ಹಾಟ್‌ನಲ್ಲಿ ಕಸುಬುದಾರರಿಗೆ ಹದಿನೈದು ದಿನದಂತೆ ಸರದಿಯ ಮೇಲೆ ಮಳಿಗೆ ಕೊಡುವ ಪದ್ಧತಿ ಇಟ್ಟರು. ಒಬ್ಬರೇ ಜಾಗ ಹಿಡಿದು ಕೂರಬಾರದು ಎಂಬುದು ಅದರ ಹಿಂದಿನ ಯೋಚನೆ. ನಮ್ಮ ಜಾತ್ರೆಗಳಲ್ಲಿ ಹಿಂದಿನ ರಾತ್ರಿ ಲಾರಿಯಲ್ಲಿ ಬಂದು ಹಗ್ಗ ಕಟ್ಟಿದವರದೇ ಜಾಗ!

ಪಕ್ಕದಲ್ಲೇ ಮೆಷೀನು ಮಾಲು

ಬಿದಿರಿನ ಮೊರದ ಪಕ್ಕದಲ್ಲೇ ಪ್ಲಾಸ್ಟಿಕ್ ಮೊರ. ನಾರಿನ ಹಗ್ಗದ ಪಕ್ಕದಲ್ಲೇ ನೈಲಾನು. ಕುರಿ ಉಣ್ಣೆಯ ಕಂಬಳಿಯ ಪಕ್ಕದಲ್ಲೇ ಗಿರಣಿಯ ರಗ್ಗು. ಕುಣಿ ಮಗ್ಗದಲ್ಲಿ ಕೂತು ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ ಕಂಬಳಿಗೂ ಗಿರಣಿ ಮಾಲಿಗೂ ಬೆಲೆ ಹೋಲಿಸಿದರೆ ಗೆಲ್ಲುವುದು ಯಾವುದು ಎಂದು ಹೇಳಬೇಕಾಗಿಲ್ಲ. ಇದು ಕೊಳ್ಳುವವರ ಇಷ್ಟ. ಬಡವರಿಗೆ ಅಗ್ಗದ ಮಾಲು ಬೇಕೇ ಬೇಕು. ಆದರೆ ಮೆಷೀನು ಮಾಲನ್ನೇ ಕೈಯಲ್ಲಿ ಮಾಡಿದ್ದು ಎಂದು ಹೇಳಿ ಮಾರುವುದು ಬೇರೆ ಮಾತು.

ಚನ್ನಪಟ್ಟಣದವರು ಈ ಏಟು ತಿಂದವರು. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಕೊಟ್ಟು, ತಾಳೆ ಗರಿಯಿಂದ ಹೊಳಪು ತರುವ ಅವರ ಬೊಂಬೆಗೆ ಹೊರದೇಶದ ಪ್ಲಾಸ್ಟಿಕ್ ಆಟಿಕೆ ಪೈಪೋಟಿಯಾಯಿತು. 2005-06ರ ಸಾಲಿನಲ್ಲಿ ಚನ್ನಪಟ್ಟಣದ ಹೆಸರಿಗೆ ಭೌಗೋಳಿಕ ಗುರುತಿನ ರಕ್ಷಣೆ ಸಿಕ್ಕಿತು. 2020ರಲ್ಲಿ ಕೇಂದ್ರವು ಆಟಿಕೆಗಳ ಆಮದು ಸುಂಕವನ್ನು ಶೇಕಡಾ 20ರಿಂದ 60ಕ್ಕೆ ಏರಿಸಿತು. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು.

ಈ ಕೊನೆಯ ನಿಯಮ ಹಾಲ್ಕುರಿಕೆ ಕಡೆಯವರಿಗೂ ತಟ್ಟುತ್ತದೆ. ಚಿಪ್ಪಿನ ಆಟಿಕೆ, ನಾರಿನ ಬೊಂಬೆ ಮಾಡುವವರು ಐಎಸ್‌ಐ ಗುರುತು ಎಲ್ಲಿಂದ ತರಬೇಕು? ಅದಕ್ಕೆ ವಿನಾಯಿತಿ ಇದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕಸುಬುದಾರರು ತಾವೇ ಮಾಡಿ ಮಾರುವ ಆಟಿಕೆಗೆ ಈ ಗುರುತು ಬೇಕಿಲ್ಲ. ಆ ನೋಂದಣಿಗೆ ಕೊಡುವ ಚೀಟಿಯೇ 'ಪೆಹಚಾನ್' ಕಾರ್ಡು. ಸರಕಾರಿ ಮೇಳಗಳಲ್ಲಿ ಮಳಿಗೆ ಕೇಳುವಾಗಲೂ ಮೊದಲು ಕೇಳುವುದು ಇದನ್ನೇ. ಕಾರ್ಡು ಇಲ್ಲದವರ ಕೈಯಲ್ಲಿ ಎಷ್ಟೇ ಕಸುಬಿದ್ದರೂ ಕಾಗದದ ಮೇಲೆ ಅವರು ಕಸುಬುದಾರರಲ್ಲ.

ಇನ್ನೊಂದು ದಾರಿ 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರ, ಕುಂಬಾರ, ಬಡಗಿಯವರ ಜೊತೆಗೆ ಬುಟ್ಟಿ, ಚಾಪೆ, ಪೊರಕೆ ಮಾಡುವವರು, ನಾರು ನೇಯುವವರು, ಬೊಂಬೆ ಮಾಡುವವರೂ ಇದ್ದಾರೆ. ತರಬೇತಿ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15 ಸಾವಿರದವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಿಗೆ 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿಯ ಮೊದಲ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲೇ. ಅಲ್ಲಿ ಕಡತ ಮಲಗಿದರೆ ಮುಂದೆ ಹೋಗುವುದಿಲ್ಲ. ಪೊರಕೆ ಕಟ್ಟುವುದೂ ಒಂದು ಕಸುಬೇ ಎಂದು ನಗುವವರು ಈ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬಸ್ಸು, ಬಿಸಿಲು, ಮೊಬೈಲು

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಬಿಟ್ಟಿಯಾಯಿತು. ಪೊರಕೆ, ಬುಟ್ಟಿ ಮಾರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಉಪಕಾರ. ಹಾಲ್ಕುರಿಕೆಯಿಂದ ತಿಪಟೂರಿಗೆ, ಅಲ್ಲಿಂದ ತುಮಕೂರಿಗೆ ಹೋಗಿ ಬರುವ ಚಾರ್ಜು ಉಳಿಯಿತು. ಆದರೆ ಉಚಿತ ಎಂಬುದು ಹೆಂಗಸರಿಗೆ, ಮಾರಾಟದ ಗಂಟಿಗಲ್ಲ. ಗಂಟಿಗೆ ಲಗೇಜು. ಅದರಲ್ಲೂ ಬುಟ್ಟಿ, ತೊಟ್ಟಿಲಿನಂಥ ಸರಕು ತೂಕ ಕಡಿಮೆ, ಜಾಗ ಜಾಸ್ತಿ. "ಏ ತಾಯಿ, ಇದನ್ನೆಲ್ಲಿ ಇಡ್ತೀಯ, ಜನ ಎಲ್ಲಿ ನಿಲ್ಬೇಕು?" ಎಂಬ ಮಾತು ಕೇಳಿಸಿಕೊಂಡೇ ಹತ್ತಬೇಕು. ಬಸ್ಸಿನಲ್ಲಿ ದಿನಾ ಓಡಾಡುವ ಮಹನೀಯರು ಆ ಗಂಟನ್ನು ಟಾಪಿಗೆ ಏರಿಸಲು ಒಂದು ಕೈ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ದುಡ್ಡು ಈಗ ಮೊಬೈಲಿನಲ್ಲಿ. "ಚಿಲ್ರೆ ಇಲ್ಲಮ್ಮ, ಫೋನ್‌ಪೇ ಐತಾ?" ಎಂದು ಕೇಳಿ, ಇಲ್ಲವೆಂದರೆ ಮುಂದೆ ಹೋಗುತ್ತಾರೆ. ಕೆಲವರು ಮಗನ ನಂಬರಿಗೆ ಹಾಕಿಸುತ್ತಾರೆ. ಸಂಜೆ ಮಗ ಎಷ್ಟು ಬಂತೆಂದು ಹೇಳಿದ್ದೇ ಲೆಕ್ಕ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು 'ನಗದು ಮಾತ್ರ' ಎಂದು ಬರೆದದ್ದು ಅಂಗಡಿಯವರಿಗೆ ನೆನಪಿರಬೇಕು. ಆ ಹೆದರಿಕೆ ಬಯಲಿಗೂ ಬಂತು. ಹೆದರುವ ಕಾರಣವಿರಲಿಲ್ಲ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಗೆರೆ ವರ್ಷಕ್ಕೆ 40 ಲಕ್ಷ ವಹಿವಾಟು. ಐವತ್ತರಂತೆ ಮಾರಿದರೆ ಆ ಗೆರೆ ಮುಟ್ಟಲು ವರ್ಷಕ್ಕೆ 80 ಸಾವಿರ ಪೊರಕೆ ಬೇಕು. ದಿನಕ್ಕೆ ಆರು ಕಟ್ಟುವವರಿಗೆ ಅದು ಮೂವತ್ತಾರು ವರ್ಷದ ಕೆಲಸ!

ಯಾರು ಏನು ಮಾಡಬಹುದು?

ಪಂಚಾಯಿತಿಯವರು ಜಾತ್ರೆ, ಸಂತೆಯ ಸುಂಕ ವಸೂಲಿಯನ್ನು ಹರಾಜು ಹಾಕುತ್ತಾರೆ. ಹರಾಜು ಹಿಡಿದವರು ಹಾಕಿದ ಬಂಡವಾಳ ತೆಗೆಯಲು ನೋಡುತ್ತಾರೆ. ಸ್ಟೀಲ್ ಪಾತ್ರೆಯ ದೊಡ್ಡ ಮಳಿಗೆಗೂ ಹತ್ತು ಮೊರ ಹಿಡಿದು ಕೂತ ಅಜ್ಜಿಗೂ ಗೋಣಿತಾಟು ಅಳೆದು ವಸೂಲಿ ಮಾಡುವುದು ನ್ಯಾಯವಲ್ಲ. ಹರಾಜಿನ ಷರತ್ತಿನಲ್ಲೇ ಒಂದು ಸಾಲು ಸೇರಿಸಿದರೆ ಸಾಕು: ತಾವೇ ಮಾಡಿ ತಂದ ಕೈಕಸುಬಿನವರಿಗೆ ಸುಂಕ ಇಲ್ಲ, ಇಲ್ಲವೆ ಅರ್ಧ. ದರದ ಪಟ್ಟಿಯನ್ನು ಬೋರ್ಡಿನಲ್ಲಿ ಬರೆದು ನಿಲ್ಲಿಸಲಿ. ತೇರಿನ ಬೀದಿಗೆ ಹತ್ತಿರವಾಗಿ ಒಂದು ಸಾಲನ್ನು ಕೈಕಸುಬಿಗೆಂದೇ ಬಿಡಲಿ. ಮೇಲೊಂದು ಚಪ್ಪರ, ತೆಂಗಿನ ಸೀಮೆಯಲ್ಲಿ ಸೋಗೆಗೆ ಬರವೆ? ಹೆಂಗಸರೇ ಹೆಚ್ಚಾಗಿ ಕೂರುವ ಕಡೆ ಕುಡಿಯುವ ನೀರು, ಶೌಚಾಲಯ ಇರಲೇಬೇಕು. ಬೆಳಿಗ್ಗೆ ಏಳರಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುವ ಹೆಣ್ಣುಮಕ್ಕಳ ಕಷ್ಟ ಯಾವ ಸಭೆಯ ನಡಾವಳಿಯಲ್ಲೂ ಬರೆಯುವುದಿಲ್ಲ.

ಅಂಗಡಿಯವರು ಜಾತ್ರೆ ವ್ಯಾಪಾರಿಗಳನ್ನು ಪೈಪೋಟಿದಾರರೆಂದು ನೋಡುವುದು ರೂಢಿ. ಕೈಕಸುಬಿನವರು ಪೈಪೋಟಿಗೆ ಬಂದವರಲ್ಲ. ಅವರ ಸರಕು ವರ್ಷವಿಡೀ ಅಂಗಡಿಯಲ್ಲಿ ನೇತಾಡಿದರೆ ಅಂಗಡಿಗೂ ವ್ಯಾಪಾರ. ಈಗಲೂ ಕೆಲವರು ತೆಗೆದುಕೊಳ್ಳುತ್ತಾರೆ. ಆದರೆ "ಇಟ್ಟು ಹೋಗು, ಮಾರಿದ ಮೇಲೆ ದುಡ್ಡು" ಎಂಬ ಕರಾರಿನ ಮೇಲೆ. ಮಾರಿದ್ದು ಯಾವಾಗ ಎಂದು ಅಂಗಡಿಯವರಿಗೆ ಮಾತ್ರ ಗೊತ್ತು. ಹತ್ತು ಪೊರಕೆ ಇಳಿಸಿಕೊಂಡರೆ ಐದರ ದುಡ್ಡಾದರೂ ಅವತ್ತೇ ಕೊಡುವ ಪದ್ಧತಿ ಬಂದರೆ ಆ ಮನೆಯ ಒಲೆ ಜಾತ್ರೆಗಾಗಿ ಕಾಯುವುದು ತಪ್ಪುತ್ತದೆ.

ಮಾರುವವರೂ ಮಾಡಬೇಕಾದ್ದಿದೆ. ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನ ಎಷ್ಟು ಹೋಯಿತು, ಖರ್ಚು ಎಷ್ಟಾಯಿತು ಎಂದು ಬರೆದಿಟ್ಟರೆ ಯಾವ ಬೆಲೆಗಿಂತ ಕೆಳಗೆ ಇಳಿಯಬಾರದು ಎಂಬುದು ತಾನಾಗಿ ಗೊತ್ತಾಗುತ್ತದೆ. ಬೆಲೆಯನ್ನು ರಟ್ಟಿನ ಮೇಲೆ ಬರೆದಿಟ್ಟರೆ ಅರ್ಧ ಜಗ್ಗಾಟ ಅಲ್ಲೇ ಮುಗಿಯುತ್ತದೆ. ಕೂತಲ್ಲೇ ಕಡ್ಡಿ ಬಿಡಿಸುತ್ತ, ಹಗ್ಗ ಹೊಸೆಯುತ್ತ ಇದ್ದರೆ ಜನ ನಿಲ್ಲುತ್ತಾರೆ; ಕೆಲಸ ಕಣ್ಣಿಗೆ ಬಿದ್ದ ಮೇಲೆ ಬೆಲೆ ಕೇಳುವ ದನಿಯೇ ಬೇರೆ. ಅಕ್ಕಪಕ್ಕದ ನಾಲ್ಕು ಜನ ಸೇರಿ ಒಂದೇ ದರ ಹಿಡಿದರೆ, ಒಬ್ಬರನ್ನು ತೋರಿಸಿ ಇನ್ನೊಬ್ಬರ ಬೆಲೆ ಮುರಿಯುವ ಆಟವೂ ನಡೆಯದು.

ಉಳಿದವರು ಕೊಳ್ಳುವವರು. ಸಿನಿಮಾ ಟಿಕೆಟಿಗೆ, ಮೊಬೈಲ್ ಕರೆನ್ಸಿಗೆ, ಹೋಟೆಲಿನ ಮಸಾಲೆ ದೋಸೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಹೇಳಿದಷ್ಟು ಕೊಡುತ್ತಾರೆ. ಚೌಕಾಸಿಯ ಜಾಣತನವೆಲ್ಲ ಹೊರಬರುವುದು ನೆಲದ ಮೇಲೆ ಕೂತವರ ಎದುರಿಗೆ. ಜಾತ್ರೆ ಎಂದ ಮೇಲೆ ನಾಲ್ಕು ಮಾತು ಇರಲಿ, ನಗು ಇರಲಿ, ಐದು ಹತ್ತು ರೂಪಾಯಿ ಇಳಿಯಲಿ. ಅರ್ಧಕ್ಕೆ ಕೇಳುವುದು ಬೇಡ. ಆ ಅರ್ಧ ಯಾವುದೋ ಸೇಠು ಬಿಡುವ ಲಾಭವಲ್ಲ. ಆರು ದಿನ ಕೂತು ಕಟ್ಟಿದವರ ಕೂಲಿ.

ಈ ಸಲದ ಸುಗ್ಗಿಗೆ ಮುಂಚೆ ಪಂಚಾಯಿತಿಯಲ್ಲಿ ಸುಂಕದ ಹರಾಜಿಗೆ ಸಭೆ ಸೇರುತ್ತದೆ. ಕೊಬ್ಬರಿಯ ದರಕ್ಕಾಗಿ ಧ್ವನಿ ಎತ್ತುವ ಸೀಮೆಯ ಸದಸ್ಯರು ಅವತ್ತು ಪೊರಕೆಯವರಿಗಾಗಿ ಷರತ್ತಿನ ಆ ಒಂದು ಸಾಲು ಬರೆಸುವರೆ? ತೇರು ಎಳೆಯುವ ಹೊತ್ತಿಗೆ ಬಯಲಿನಲ್ಲಿ ದರದ ಬೋರ್ಡು, ಮೇಲೆ ಸೋಗೆ ಚಪ್ಪರ ಕಂಡರೆ ಬರೆಸಿದ್ದಾರೆಂದು ಊರಿಗೇ ಗೊತ್ತಾಗುತ್ತದೆ.